ಬ್ರೆಜಿಲ್ ಮೇಡಂ ಮತ್ತು ನನ್ನ ತರ್ಜುಮೆ

ಇಂಗ್ಲಿಷಿನ ವಿಷಯದಲ್ಲಿ ನಮ್ಮ ಸುತ್ತಲಿನ ಏಳೆಂಟು ಹಳ್ಳಿಗಳಿಗೆ ನನ್ನದೇ ಕೊನೆಯ ಮಾತು. ಜಂಬದಿಂದ ಹೇಳುತ್ತಿಲ್ಲ. ಬೇರೆ ಯಾರೂ ಇರಲಿಲ್ಲ, ಅಷ್ಟೇ. ಯಾರ ಮನೆಗೆ ತಂತಿ ಬಂದರೂ ಓದಲು ನನ್ನನ್ನೇ ಕರೆಯುತ್ತಿದ್ದರು. ನಾನು ಲಕೋಟೆ ಹರಿಯುವ ಮೊದಲೇ ಮನೆಯವರು ಅಳಲು ಶುರು ಮಾಡುತ್ತಿದ್ದುದರಿಂದ ಒಳಗೆ ಏನು ಬರೆದಿದೆ ಎಂದು ಯಾರೂ ಗಟ್ಟಿಸಿ ಕೇಳುತ್ತಿರಲಿಲ್ಲ. ಬಿ.ಎ. ಪರೀಕ್ಷೆಯ ಇಂಗ್ಲಿಷ್ ಪೇಪರನ್ನು ನಾನು ಮೂರು ಸಲ ಬರೆದವನು. ಒಂದೇ ಸಲಕ್ಕೆ ಪಾಸಾದವರಿಗಿಂತ ನನ್ನ ಅನುಭವ ಮೂರು ಪಟ್ಟು ಹೆಚ್ಚು!

ನಾನು ಕಲಿಸುತ್ತಿದ್ದ ಹೈಸ್ಕೂಲು ವಾಡಿ ಜಂಕ್ಷನ್ನಿನಿಂದ ಮೂರು ಮೈಲು ದೂರದ ಹಳ್ಳಿಯಲ್ಲಿತ್ತು. ನೆಲಕ್ಕೆ ಶಹಾಬಾದ ಕಲ್ಲು, ಮಾಳಿಗೆಗೆ ಶಹಾಬಾದ ಕಲ್ಲು, ಹುಡುಗರು ಕೂರುವುದಕ್ಕೂ ಅದೇ ಕಲ್ಲು. ರಾಜ್ಯದ ಹೆಸರು ಮೈಸೂರು ಹೋಗಿ ಕರ್ನಾಟಕವಾಗಿ ವರ್ಷ ಕಳೆದಿತ್ತು. ನಮ್ಮ ಶಾಲೆಯ ಫಲಿತಾಂಶ ಮಾತ್ರ ಬದಲಾಗಿರಲಿಲ್ಲ. ಹಿಂದಿನ ವರ್ಷ ಹತ್ತನೆಯ ವರ್ಗದಿಂದ ಇಂಗ್ಲಿಷಿನಲ್ಲಿ ಪಾಸಾದವನು ಒಬ್ಬನೇ. ಅವನೂ ಪರೀಕ್ಷೆಗೆ ಎರಡು ತಿಂಗಳು ಮುಂಚೆ ಸೇಡಮಿನಿಂದ ವರ್ಗವಾಗಿ ಬಂದವನು.

ಜೂನ್ ತಿಂಗಳಲ್ಲಿ ಇನ್ಸ್‌ಪೆಕ್ಟರ್ ಸಾಹೇಬರು ಬಂದರು. ಹುಡುಗರಿಗೆ ಇಂಗ್ಲಿಷಿನಲ್ಲಿ ಏನೋ ಕೇಳಿದರು. ವರ್ಗಕ್ಕೆ ವರ್ಗವೇ ಎದ್ದು ನಿಂತು 'ಯೆಸ್ ಸರ್' ಎಂದಿತು. 'ನಿಮ್ಮ ಹೆಸರೇನು' ಎಂಬುದು ಅವರ ಪ್ರಶ್ನೆಯಾಗಿತ್ತು.

"ದೀಪಾವಳಿ ಮುಗದ ಮ್ಯಾಲ ಮತ್ತ ಬರ್ತೀನಿ" ಎಂದರು ಸಾಹೇಬರು. "ಅಷ್ಟರಾಗ ಇವರ ಬಾಯಾಗ ಇಂಗ್ಲಿಷ್ ಕಾಣಲಿಲ್ಲಂದ್ರ ಹತ್ತನೇ ವರ್ಗ ಎತ್ತಿ ವಾಡಿ ಸಾಲಿಗಿ ಹಾಕ್ತೀನಿ."

ಅವರು ಹೋದ ಮೇಲೆ ಹೆಡ್ಮಾಸ್ತರರಾದ ಇಮಾಮ್ ಪಟೇಲರು ನನ್ನನ್ನು ತಮ್ಮ ಕೋಣೆಗೆ ಕರೆದರು. ಅವರು ನಿಜಾಮನ ಕಾಲದಲ್ಲಿ ಉರ್ದುವಿನಲ್ಲಿ ಓದಿದವರು. ಇಂಗ್ಲಿಷಿಗೆ ನನ್ನನ್ನೇ ನಂಬಿದ್ದರು.

"ಮಾಸ್ತರ್, ಹುಡುಗರು ಹಳಿ ದಾಟಿ ವಾಡಿಗಿ ಹೋಗ್ತಾರ. ಈ ಒಂಬತ್ತು ಹುಡುಗ್ಯಾರ್ನ ಯಾರು ಕಳಸ್ತಾರ? ಇವರ್ನ ಸಾಲಿಗಿ ತರ್ಲಿಕ್ಕ ನಾ ಮನಿಮನಿ ತಿರುಗೀನಿ. ಅವರಪ್ಪಗೋಳ ಮುಂದ ನನ್ನ ಇಜ್ಜತ್ ಅದ. ಏನಾರ ಮಾಡ್ರಿ."

"ನೀವು ಬಿಲ್ಕುಲ್ ಚಿಂತಿ ಮಾಡಬ್ಯಾಡ್ರಿ ಸಾಹೇಬ್ರ" ಎಂದೆ. ಈ ಮಾತನ್ನು ನಾನು ಯಾವಾಗ ಹೇಳಿದರೂ ಚಿಂತೆ ಶುರುವಾಗುವುದು ಅಲ್ಲಿಂದಲೇ.

ಮುಂದಿನ ಭಾನುವಾರ ಹೆಂಡತಿ ನೀಲಮ್ಮನ ಜೊತೆ ವಾಡಿ ಬಜಾರಿಗೆ ಹೋಗಿದ್ದೆ. ಕಿರಾಣಿ ಅಂಗಡಿಯ ಮುಂದೆ ಜನ ಸೇರಿದ್ದರು. ನಡುವೆ ಹೂವಿನ ಚಿತ್ತಾರದ ಫ್ರಾಕು ತೊಟ್ಟ ಒಬ್ಬ ಬಿಳಿಯ ಹೆಂಗಸು. ಆಕೆ ಬಿಳಿಯ ಪುಡಿ ಏನೋ ಬೇಕೆಂದು ಬೆರಳಿನಲ್ಲಿ ತೋರಿಸಿದಳು. ಅಂಗಡಿಯವನು ಸಕ್ಕರೆ ಕೊಟ್ಟ. ನಾಲಿಗೆಗೆ ಹಚ್ಚಿ ತಲೆ ಅಲ್ಲಾಡಿಸಿದಳು. ಸೋಡಾಪುಡಿ ಕೊಟ್ಟ. ಮುಖ ಕಿವುಚಿದಳು. ಆದರೂ ಒಂದು ಮಾತೂ ಆಡಲಿಲ್ಲ.

"ನೋಡು" ಎಂದೆ ನೀಲಮ್ಮನಿಗೆ, "ಖಾನ್‌ದಾನಿ ಇಂಗ್ಲಿಷ್ ಮಂದಿ ಕಿರಾಣಿ ಅಂಗಡ್ಯಾಗ ಬಾಯಿ ಬಿಡಂಗಿಲ್ಲ."

"ಏನ್ ಖಾನ್‌ದಾನೋ ಏನೋ, ಪಾಪ, ಆಕಿಗಿ ಉಪ್ಪು ಬೇಕಾಗ್ಯಾದ" ಎಂದು ನೀಲಮ್ಮ ಜನರನ್ನು ಸರಿಸಿ ಒಳಹೊಕ್ಕು ಮೂಲೆಯ ಚೀಲದಿಂದ ಒಂದು ಮುಷ್ಟಿ ಉಪ್ಪು ತೆಗೆದು ತೋರಿಸಿದಳು. ಆ ಹೆಂಗಸು ಉಪ್ಪಿನ ಸಮೇತ ನೀಲಮ್ಮನ ಕೈ ಹಿಡಿದುಕೊಂಡಳು. ಕಣ್ಣಲ್ಲಿ ನೀರು!

ಅಂಗಡಿಯವನು ಹೇಳಿದ: "ಫ್ಯಾಕ್ಟರಿಗಿ ಹೊಸ ಮಿಷನ್ ಕೂಡಸ್ಲಿಕ್ಕ ಬಂದಾರಲ್ಲ, ಆ ಇಂಜಿನೀರನ ಹೆಂಡ್ತಿ ರೀ. ಲೂಸಿಯಾ ಅಂತ ಹೆಸರು. ಬ್ರೆಜಿಲ್ ದೇಶದಾಕಿ."

ಬ್ರೆಜಿಲ್ ಎಲ್ಲಿದೆ ಎಂದು ನನಗೆ ಗೊತ್ತಿರಲಿಲ್ಲವೆಂದು ತಿಳಿಯಬೇಡಿ. ಇಂಗ್ಲೆಂಡಿನ ಆಸುಪಾಸಿನಲ್ಲಿ ಎಲ್ಲೋ ಇದೆ ಎಂಬ ಖಚಿತ ಮಾಹಿತಿ ನನ್ನಲ್ಲಿತ್ತು. ಬಿಳಿಯ ಮುಖ, ಫ್ರಾಕು, ಇಂಜಿನಿಯರ ಹೆಂಡತಿ! ಇಂಗ್ಲಿಷ್ ಭಾಷೆಯೇ ಎರಡು ಕಾಲಿನ ಮೇಲೆ ನಡೆದುಕೊಂಡು ವಾಡಿ ಬಜಾರಿಗೆ ಬಂದಿದೆ, ಮತ್ತು ಅದನ್ನು ಕಂಡದ್ದು ನಾನೊಬ್ಬನೇ! ಈಕೆಯನ್ನು ಶಾಲೆಗೆ ಕರೆದು ವಾರಕ್ಕೆ ಎರಡು ಪಾಠ ಹೇಳಿಸಿದರೆ ಇನ್ಸ್‌ಪೆಕ್ಟರ್ ಸಾಹೇಬರೇ ಬಂದು ನಮ್ಮ ಶಾಲೆಯಲ್ಲಿ ಇಂಗ್ಲಿಷ್ ಕಲಿಯಬೇಕಾದೀತು.

ಮಾರನೆಯ ದಿನ ಸೈಕಲ್ ಹತ್ತಿ ಫ್ಯಾಕ್ಟರಿಯ ಕಾಲೊನಿಗೆ ಹೋದೆ. ಆಕೆಯ ಗಂಡ ಕೆಲಸಕ್ಕೆ ಹೋಗಿದ್ದ. ಬಾಗಿಲಲ್ಲಿ ನಿಂತು, ರಾತ್ರಿಯೇ ಬಾಯಿಪಾಠ ಮಾಡಿದ್ದ ಒಂದು ಉದ್ದನೆಯ ಇಂಗ್ಲಿಷ್ ವಾಕ್ಯವನ್ನು ಒಂದೇ ಉಸಿರಿನಲ್ಲಿ ಒಪ್ಪಿಸಿದೆ. ಅದರಲ್ಲಿ 'ಅತ್ಯಂತ ವಿನಮ್ರನಾಗಿ' ಎಂಬ ಅರ್ಥದ ಮಾತು ಮೂರು ಕಡೆ ಇತ್ತು. ಆಕೆ ತಲೆ ವಾರೆ ಮಾಡಿ ಪೂರ್ತಿ ಕೇಳಿದಳು.

"ಇಸ್ಕೋಲಾ?" ಎಂದಳು.

ನನಗೆ ಎಷ್ಟು ಸಂತೋಷವಾಯಿತೆಂದರೆ! ನಮ್ಮ ಹುಡುಗರು 'ಇಸ್ಕೂಲು' ಎಂದಾಗಲೆಲ್ಲ ನಾನು ಕಿವಿ ಹಿಂಡುತ್ತಿದ್ದೆ. ವಿಲಾಯತಿನಲ್ಲೂ ಅದನ್ನು ಹಾಗೇ ಅನ್ನುತ್ತಾರೆಂದು ಆವತ್ತು ತಿಳಿಯಿತು. "ಯೆಸ್, ಯೆಸ್, ಇಸ್ಕೋಲಾ! ಇಂಗ್ಲಿಷ್!" ಎಂದೆ.

"ಇಂಗ್ಲೇಸ್!" ಆಕೆಯ ಕಣ್ಣರಳಿತು. ನನ್ನ ಕಡೆ ಬೆರಳು ತೋರಿಸಿ "ಪ್ರೊಫೆಸೋರ್?" ಎಂದಳು. ನನ್ನನ್ನು ಪ್ರೊಫೆಸರ್ ಎಂದು ಗುರುತಿಸಿದವರಲ್ಲಿ ಈ ಭೂಮಿಯ ಮೇಲೆ ಆಕೆಯೇ ಮೊದಲಿಗಳು. ಇಲ್ಲವೆನ್ನಲು ನಾಲಿಗೆ ಬರಲಿಲ್ಲ. ಆಮೇಲೆ ತನ್ನ ಎದೆಯ ಮೇಲೆ ಕೈಯಿಟ್ಟು "ಪ್ರೊಫೆಸೋರಾ" ಎಂದಳು.

ಶನಿವಾರ ಮಧ್ಯಾಹ್ನವೆಂದು ಬೆರಳು ಎಣಿಸಿ ತೋರಿಸಿ ಬಂದೆ. ಸೈಕಲ್ಲು ತಾನೇ ಓಡಿತು.

"ಆಕಿ ಬರೇ ಟೀಚರ್ ಅಲ್ರಿ ಸಾಹೇಬ್ರ, ಪ್ರೊಫೆಸರ್!" ಎಂದು ಹೆಡ್ಮಾಸ್ತರರಿಗೆ ಹೇಳಿದೆ.

"ಕಮಾಲ್ ಮಾಡಿದ್ರಿ ಮಾಸ್ತರ್!" ಎಂದು ಅವರು ನನ್ನ ಬೆನ್ನು ತಟ್ಟಿದರು.

ಆ ಶನಿವಾರದ ಸ್ವಾಗತದಂಥದ್ದನ್ನು ನಮ್ಮೂರು ಮುಂಚೆ ಕಂಡಿರಲಿಲ್ಲ. ಮದುವೆಯ ಬ್ಯಾಂಡಿನವರನ್ನು ಕರೆಸಿದ್ದೆವು. ಬಾಗಿಲ ಮೇಲೆ ವೆಲ್‌ಕಮ್ ಎಂದು ಬರೆಸುವಾಗ ಎಲ್ ಅಕ್ಷರ ಒಂದೋ ಎರಡೋ ಎಂಬ ಸಂಶಯ ಬಂತು. ಅತಿಥಿಗೆ ಅಕ್ಷರ ಕಡಿಮೆಯಾದರೆ ಅವಮಾನ, ಹೆಚ್ಚಾದರೆ ಗೌರವವೇ ಎಂದು ಎರಡು ಹಾಕಿಸಿದೆ. ಒಂಬತ್ತು ಹುಡುಗಿಯರು ನಾನೇ ಕಟ್ಟಿದ ಇಂಗ್ಲಿಷ್ ಸ್ವಾಗತಗೀತೆ ಹಾಡಿದರು. ಅವರಲ್ಲಿ ಕಾಶಮ್ಮ ಎಂಬ ಹುಡುಗಿ ಹಾಡು ಮುಗಿದ ಮೇಲೆ ಮೆಲ್ಲಗೆ "ಸರ್, ಇದರ ಅರ್ಥ ಏನ್ರಿ?" ಎಂದು ಕೇಳಿದಳು. "ಈಗ ಟೈಮ್ ಇಲ್ಲ, ಹಿಂದ ಸರಿ" ಎಂದೆ.

ಲೂಸಿಯಾ ಮೇಡಂ ಫ್ಯಾಕ್ಟರಿಯ ಜೀಪಿನಿಂದ ಇಳಿದವರೇ ದಂಗಾಗಿ ನಿಂತರು. ಹೆಡ್ಮಾಸ್ತರರು ಚೆಂಡುಹೂವಿನ ಹಾರ ಹಾಕಿದರು. ಊರಿನ ಹಿರಿಯರೆಲ್ಲ ಎದ್ದು ಕೈಮುಗಿದರು. ನನ್ನ ಸ್ವಾಗತ ಭಾಷಣದ ನಂತರ ಆಕೆ ಮಾತಿಗೆ ನಿಂತರು. ಕನ್ನಡಕ್ಕೆ ತರ್ಜುಮೆ ಮಾಡುವ ಜವಾಬ್ದಾರಿ ಸಹಜವಾಗಿಯೇ ನನ್ನದು.

ಅವರು ಬಾಯಿ ತೆರೆದರು. ನನಗೆ ಒಂದು ಅಕ್ಷರವೂ ತಿಳಿಯಲಿಲ್ಲ!

ಮೊದಲು ಕಿವಿಯಲ್ಲಿ ಬ್ಯಾಂಡಿನ ಸದ್ದು ಉಳಿದಿರಬೇಕೆಂದುಕೊಂಡೆ. ಆಮೇಲೆ ವಿಷಯ ಹೊಳೆಯಿತು. ಇದು ಉಚ್ಚ ಮಟ್ಟದ ಇಂಗ್ಲಿಷು. ನಾನು ಕಲಿತದ್ದು ಗುಲಬರ್ಗಾ ಮಟ್ಟದ್ದು. ಆದರೆ ಎದುರಿಗೆ ಊರಿಗೆ ಊರೇ ಕುಳಿತಿದೆ. 'ತಿಳಿಯಲಿಲ್ಲ' ಎಂದರೆ ನನ್ನ ಗತಿ? ತಂತಿ ಓದಿದ ಧೈರ್ಯದ ಮೇಲೆ ಶುರು ಮಾಡಿದೆ.

"ಮೇಡಂ ಹೇಳ್ತಾರ, ಈ ಊರಿಗಿ ಬಂದು ಭಾಳ ಖುಷಿ ಆಗ್ಯಾದಂತ."

ಚಪ್ಪಾಳೆ. ಮೇಡಂ ನನ್ನ ಕಡೆ ನೋಡಿ ನಕ್ಕು, ಎದೆಯ ಮೇಲೆ ಕೈಯಿಟ್ಟು ಸ್ವಲ್ಪ ನಾಚುತ್ತ ಹೇಳಿದರು: "ನಾಂವ್ ಫಾಲು ಇಂಗ್ಲೇಸ್."

ಸಿಕ್ಕಿತು, ಒಂದು ಶಬ್ದ ಸಿಕ್ಕಿತು! "ನಾವು ಇಂಗ್ಲಿಷಿನವರು, ಅಂತಾರ!" ಎಂದು ಕೂಗಿದೆ. "ಇಂಗ್ಲಿಷೇ ನನ್ನ ಉಸಿರು ಅಂತಾರ!"

ಇನ್ನೂ ದೊಡ್ಡ ಚಪ್ಪಾಳೆ. ಆಮೇಲೆ ಮೇಡಂ ಹುಡುಗಿಯರ ಕಡೆ ತಿರುಗಿ ಏನೋ ಹೇಳುತ್ತ ಹೇಳುತ್ತ ಕಣ್ಣೊರೆಸಿಕೊಂಡರು. ಹೋದ ವರ್ಷದ ರಿಸಲ್ಟು ಕೇಳಿ ಅಳುತ್ತಿದ್ದಾರೆಂದು ತಿಳಿಸಿದೆ. ಸಭೆ ತಲೆ ತಗ್ಗಿಸಿತು. ಆಕೆ ನೆಲದ ಕಲ್ಲನ್ನೂ ಕುಳಿತ ಹುಡುಗಿಯರನ್ನೂ ಕೈಯಿಂದ ತೋರಿಸಿದರು. ನನ್ನ ನಾಲಿಗೆಗೆ ಆಗ ಯಾವ ಗಾಳಿ ಹೊಕ್ಕಿತ್ತೋ! "ಮಕ್ಕಳು ಕಲ್ಲಿನ ಮ್ಯಾಲ ಕುಂತದ್ದು ನೋಡ್ಲಿಕ್ಕ ಆಗವಲ್ದು, ಬೆಂಚು ಮಾಡಸಿ ಕೊಡ್ತೀನಿ ಅಂತಾರ!" ಎಂದುಬಿಟ್ಟೆ.

ಕೊನೆಗೆ ಆಕೆ ಕೈಜೋಡಿಸಿ ಸ್ಪಷ್ಟವಾಗಿ ಹೇಳಿದರು: "ಮುಯ್ತು ಒಬ್ರಿಗಾದಾ!"

ಇದಕ್ಕೆ ತರ್ಜುಮೆಯೇ ಬೇಕಾಗಲಿಲ್ಲ. "ಕೇಳಿದ್ರಿಲ್ಲ? ಕನ್ನಡದಾಗ ಹೇಳಿದ್ರು! ಒಬ್ರಿಗಾದ್ರೂ ಇಂಗ್ಲಿಷ್ ಕಲಿಸೇ ಹೋಗ್ತೀನಿ ಅಂತ!" ಹಿರಿಯರು ಎದ್ದು ನಿಂತು ಚಪ್ಪಾಳೆ ಹೊಡೆದರು. ಬ್ಯಾಂಡಿನವರಿಗೂ ತಡೆಯಲಾಗಲಿಲ್ಲ. ಬಾರಿಸಿಯೇ ಬಿಟ್ಟರು.

ಸಂಜೆ ಮನೆಯಲ್ಲಿ ನಾನು ಕಾಲು ಚಾಚಿ ಚಹಾ ಕುಡಿಯುತ್ತಿದ್ದಾಗ ನೀಲಮ್ಮ ಮೆಲ್ಲಗೆ ಕೇಳಿದಳು, "ರೀ, ಆ ಲೂಸಮ್ಮಗ ಇಂಗ್ಲಿಷ್ ಬರಂಗಿಲ್ಲಲ್ರಿ?"

"ಏನ್ ಹುಚ್ಚರಂಗ ಮಾತಾಡ್ತಿ? ನಿನಗೇನ್ ಗೊತ್ತು ಇಂಗ್ಲಿಷು?"

"ನನಗ ಇಂಗ್ಲಿಷ್ ಗೊತ್ತಿಲ್ರಿ. ನಿಮ್ಮ ಮಾರಿ ಗೊತ್ತದ. ಗೊತ್ತಿಲ್ದ ಮಾತ್ ಕೇಳಿದಾಗ ನಿಮ್ಮ ಮಾರಿ ಒಂದ್ ನಮೂನಿ ಆಗ್ತದ. ನೀವು ಇಂಗ್ಲಿಷ್‌ನಾಗ ಭಾಷಣ ಮಾಡೂಮುಂದ ಆಕಿ ಮಾರೀನೂ ಥೇಟ್ ಹಂಗೇ ಆಗಿತ್ತು."

ನಾನು ಚಹಾದ ಬಟ್ಟಲು ಕೆಳಗಿಟ್ಟು ಎದ್ದು ಹೊರಗೆ ಹೋದೆ.

ಸೋಮವಾರ ಪ್ರಾರ್ಥನೆಯ ಹೊತ್ತಿಗೆ ಜೀಪು ಬಂತು. ಮೇಡಂ ಜೊತೆಗೆ ಅವರ ಗಂಡನೂ ಇಳಿದರು. ಆಜಾನುಬಾಹು, ಕೆಂಪು ಮೀಸೆ. ಅವರಿಗೆ ತುಂಡುತುಂಡಾದ ಇಂಗ್ಲಿಷ್ ಬರುತ್ತಿತ್ತು. ದುರದೃಷ್ಟಕ್ಕೆ ಅದಷ್ಟೂ ನನಗೆ ತಿಳಿಯಿತು! ಅವರು ನನ್ನ ಎರಡೂ ಕೈ ಹಿಡಿದು ಹೇಳಿದ್ದರ ಸಾರಾಂಶ ಹೀಗಿತ್ತು: ನನ್ನ ಹೆಂಡತಿಗೆ ಇಂಗ್ಲಿಷ್ ಬರುವುದಿಲ್ಲ. ನಮ್ಮ ದೇಶದ ಭಾಷೆ ಪೋರ್ಚುಗೀಸ್. ಅಲ್ಲಿ ಆಕೆ ಚಿಕ್ಕ ಮಕ್ಕಳ ಶಾಲೆಯ ಟೀಚರು. ಪ್ರೊಫೆಸೋರಾ ಎಂದರೆ ಅಷ್ಟೇ. ಇಲ್ಲಿ ಭಾಷೆ ಬಾರದೆ ಮೂರು ತಿಂಗಳಿಂದ ಮನೆಯಲ್ಲಿ ಒಬ್ಬಳೇ ಅಳುತ್ತಿದ್ದಳು. ತಾವೇ ಸೈಕಲ್ ಮೇಲೆ ಬಂದು ಇಂಗ್ಲಿಷ್ ಕಲಿಸುತ್ತೇನೆಂದು ಕರೆದಿರಿ. ಹೊಸ ವಿದ್ಯಾರ್ಥಿನಿಯನ್ನು ಬ್ಯಾಂಡು ಬಾರಿಸಿ ಸ್ವಾಗತಿಸುವ ದೇಶವನ್ನು ನಾವು ಎಲ್ಲೂ ನೋಡಿಲ್ಲ! ಆವತ್ತು ಆಕೆ ಅದನ್ನೇ ಹೇಳಿದಳು. 'ನನಗೆ ಇಂಗ್ಲಿಷ್ ಬಾರದು, ಈ ಮಹನೀಯರು ಕಲಿಸುತ್ತಾರೆ, ಈ ಹುಡುಗಿಯರ ಜೊತೆ ಈ ಕಲ್ಲಿನ ಮೇಲೇ ಕುಳಿತು ಕಲಿಯುತ್ತೇನೆ, ತುಂಬಾ ಧನ್ಯವಾದ' ಎಂದು. ತಾವು ಅದನ್ನು ಬಹಳ ಚೆನ್ನಾಗಿ ತರ್ಜುಮೆ ಮಾಡಿದಿರಂತೆ. ಜನ ಎದ್ದು ನಿಂತು ಚಪ್ಪಾಳೆ ಹೊಡೆದರಂತೆ!

ನಾನು ನಿಂತ ಜಾಗದಲ್ಲಿ ಶಹಾಬಾದ ಕಲ್ಲು ಬಿರುಕು ಬಿಡಬಾರದೇ ಎಂದು ಬೇಡಿಕೊಂಡೆ. ಅದು ಬಿಡಲಿಲ್ಲ. ಒಳ್ಳೆಯ ಕಲ್ಲು.

"ಏನಂತಾರ್ರಿ ಮಾಸ್ತರ್?" ಹೆಡ್ಮಾಸ್ತರರು ಪಕ್ಕದಲ್ಲೇ ನಿಂತಿದ್ದರು.

ಈಗಲಾದರೂ ಖರೇ ಹೇಳಿಬಿಡಬೇಕಿತ್ತು. ಬಾಯಿ ತೆರೆದೆ. ಅವರ ಮುಖದ ಮೇಲಿನ ಆಸೆ ಕಂಡಿತು. "ಮೇಡಂ... ಸ್ವಲ್ಪ ದಿನ ಹುಡುಗ್ಯಾರ ಸಂಗಾಟ ಕುಂತು ಪಾಠ ನೋಡ್ತಾರಂತ್ರಿ. ಆಮ್ಯಾಲ ಶುರು ಮಾಡ್ತಾರಂತ."

ಹೆಡ್ಮಾಸ್ತರರು ನನ್ನನ್ನೊಮ್ಮೆ ನೋಡಿದರು. "ಆಯ್ತು" ಎಂದಷ್ಟೇ ಹೇಳಿ ಒಳಗೆ ಹೋದರು.

ಹೀಗೆ ನನ್ನ ಶಿಕ್ಷೆ ಶುರುವಾಯಿತು. ಲೂಸಿಯಾ ಮೇಡಂ ದಿನಾ ಬಂದು ಕಾಶಮ್ಮನ ಪಕ್ಕದಲ್ಲಿ ಕುಳಿತುಕೊಳ್ಳುತ್ತಿದ್ದರು. ನಾನು ಪಾಠವನ್ನು ಓದಿ, ಅರ್ಥವನ್ನು ಕಪ್ಪು ಹಲಗೆಯ ಮೇಲೆ ಬರೆದು, 'ತಿಳೀತಾ?' ಎಂದು ಕೇಳುವುದು ವಾಡಿಕೆ. ವರ್ಗ 'ಯೆಸ್ ಸರ್' ಎನ್ನುತ್ತಿತ್ತು. ಹನ್ನೊಂದು ವರ್ಷ ಈ ವ್ಯವಸ್ಥೆ ಯಾವ ತೊಂದರೆಯೂ ಇಲ್ಲದೆ ನಡೆದಿತ್ತು. ಮೊದಲ ದಿನವೇ ಮೇಡಂ ಕೈಯೆತ್ತಿದರು.

"ನಾಂವ್ ಎಂತೆಂಜಿ."

ತಿಳಿಯಲಿಲ್ಲ ಎಂದರ್ಥವೆಂದು ಅವರ ಮುಖವೇ ಹೇಳುತ್ತಿತ್ತು. ಮತ್ತೊಮ್ಮೆ ಹೇಳಿದೆ. ಮತ್ತೆ ಕೈ. "ನಾಂವ್ ಎಂತೆಂಜಿ." ಕನ್ನಡ ಅರ್ಥ ಬರೆದು ತಪ್ಪಿಸಿಕೊಳ್ಳುವಂತಿಲ್ಲ, ಅದೂ ಅವರಿಗೆ ಬಾರದು! ಕೊನೆಗೆ 'ಕೂರು' ಎಂಬುದಕ್ಕೆ ಕೂತು, 'ಏಳು' ಎಂಬುದಕ್ಕೆ ಎದ್ದು, 'ಬೀಳು' ಎಂಬುದಕ್ಕೆ... ಹೌದು, ಅದನ್ನೂ ಮಾಡಿ ತೋರಿಸಿದೆ. ಆ ಘಂಟೆಯಲ್ಲಿ ನಾನು ಕಲಿಸಿದ್ದು ಆರು ಶಬ್ದ. ಧೋತರಕ್ಕೆ ಹಿಡಿದ ಧೂಳು ಬೇರೆ.

ನಾಲ್ಕನೆಯ ದಿನ ಕಾಶಮ್ಮ ಕೈಯೆತ್ತಿದಳು. "ಸರ್, ನನಗೂ ಎಂತೆಂಜಿ ರೀ."

ವರ್ಗವೆಲ್ಲ ನಕ್ಕಿತು. ಮೇಡಂ ನಗಲಿಲ್ಲ. ಕಾಶಮ್ಮನ ಬೆನ್ನು ತಟ್ಟಿದರು. ಮಾರನೆಯ ದಿನ ನಾಲ್ಕು ಕೈ ಮೇಲೆದ್ದವು. ವಾರದೊಳಗೆ ಹುಡುಗರೂ ಶುರು ಮಾಡಿದರು. ತಿಳಿಯಲಿಲ್ಲ ಎಂದು ಕನ್ನಡದಲ್ಲಿ ಹೇಳಲು ಹನ್ನೊಂದು ವರ್ಷ ನಾಚಿಕೊಂಡ ಶಾಲೆ ಪೋರ್ಚುಗೀಸಿನಲ್ಲಿ ಒಂದು ಚೂರೂ ನಾಚಲಿಲ್ಲ! ಗಣಿತದ ಮಾಸ್ತರರು ನನ್ನನ್ನು ತಡೆದು, "ಏನ್ ಕಲಿಸಿರಿ ಮಾರಾಯ್ರ? ಬೀಜಗಣಿತದಾಗ ನಿಂತಲ್ಲಿ ಕುಂತಲ್ಲಿ ಎಂತೆಂಜಿ ಅಂತಾವ" ಎಂದು ಜಗಳಕ್ಕೇ ಬಂದರು.

ನನ್ನ ಸಂಜೆಗಳೆಲ್ಲ ಹಾಳಾದವು. ನಾಳೆಯ ಪಾಠವನ್ನು ಇಂದೇ ಓದಬೇಕು, ನಿಘಂಟು ನೋಡಬೇಕು, ಯಾವ ಶಬ್ದಕ್ಕೆ ಏನು ಅಭಿನಯ ಎಂದು ಯೋಚಿಸಬೇಕು. 'ಪ್ರಾಮಾಣಿಕತೆ' ಎಂಬ ಶಬ್ದವನ್ನು ಕೈಕಾಲಿನಿಂದ ಹೇಗೆ ತೋರಿಸುವುದೆಂದು ನಾನು ಮನೆಯಲ್ಲಿ ಎರಡು ದಿನ ತಿಣುಕಿದೆ. "ಅದು ನಿಮಗ ಮೊದಲಿಂದಲೂ ತ್ರಾಸೇ" ಎಂದಳು ನೀಲಮ್ಮ.

ಮೇಡಂ ಸುಮ್ಮನೆ ಕಲಿಯುವವರಲ್ಲ. ಟೀಚರಲ್ಲವೇ? ಬಣ್ಣದ ಕಾಗದ ಕತ್ತರಿಸಿ ಹಣ್ಣು, ಹಕ್ಕಿ, ಲಾರಿ, ರೈಲು ಮಾಡಿ ತಂದು ಹುಡುಗಿಯರ ಮುಂದೆ ಹರಡುತ್ತಿದ್ದರು. ಅದರ ಇಂಗ್ಲಿಷ್ ಹೆಸರು ಇವರು ಹೇಳಬೇಕು, ಅವರೂ ಕಲಿಯಬೇಕು. ಮಧ್ಯಾಹ್ನ ಬುತ್ತಿ ಬಿಚ್ಚಿದಾಗಲೂ ಅದೇ ಆಟ. ಕಾಶಮ್ಮನ ಬಾಯಿಂದ ರೊಟ್ಟಿಯೂ ಇಂಗ್ಲಿಷೂ ಒಟ್ಟಿಗೆ ಬರತೊಡಗಿದವು.

ಇತ್ತ ಊರಿನವರು ಸಿಕ್ಕಲ್ಲೆಲ್ಲ "ಬೆಂಚು ಯಾವಾಗ ಬರ್ತಾವ್ರಿ ಮಾಸ್ತರ್?" ಎಂದು ಕೇಳುತ್ತಿದ್ದರು. ಕೊನೆಗೆ ನಾಚಿಕೆ ಬಿಟ್ಟು ಮೇಡಂ ಗಂಡನ ಮುಂದೆ ಎಲ್ಲ ತೋಡಿಕೊಂಡೆ. ಆತ ಎಷ್ಟು ನಕ್ಕರೆಂದರೆ ಕೆಂಪು ಮೀಸೆ ಒದ್ದೆಯಾಯಿತು. ಮರುವಾರ ಯಂತ್ರಗಳು ಬಂದಿದ್ದ ಮರದ ಪೆಟ್ಟಿಗೆಗಳನ್ನು ಫ್ಯಾಕ್ಟರಿಯವರಿಗೆ ಕೇಳಿ ಲಾರಿಯಲ್ಲಿ ಕಳಿಸಿಕೊಟ್ಟರು. ಬಡಿಗೇರ ಅವನ್ನು ಒಡೆದು ಬೆಂಚು ಮಾಡಿದ. ಪ್ರತಿ ಬೆಂಚಿನ ಮೇಲೂ 'ಈ ಬದಿ ಮೇಲಕ್ಕಿರಲಿ' ಎಂದು ಕಪ್ಪು ಇಂಗ್ಲಿಷ್ ಅಕ್ಷರ. ಅದನ್ನು ಹುಡುಗಿಯರು ನನ್ನನ್ನು ಕೇಳದೆ ತಾವೇ ಓದಿದರು!

ದೀಪಾವಳಿ ಮುಗಿಯಿತು. ಇನ್ಸ್‌ಪೆಕ್ಟರ್ ಸಾಹೇಬರು ಬಂದರು. ವಿದೇಶಿ ಪ್ರೊಫೆಸರ್ ವಿಷಯ ಅವರ ಆಫೀಸಿದ್ದ ಚಿತ್ತಾಪುರದವರೆಗೆ ಹೋಗಿತ್ತು. ಕುಳಿತುಕೊಳ್ಳುವ ಮೊದಲೇ "ಎಲ್ಲಿ ಮೇಡಂ? ಅವರ ಪಾಠ ಕೇಳಬೇಕಲ್ಲ" ಎಂದರು.

ನಾನು 'ಬೀಳು' ಶಬ್ದದ ಅಭಿನಯಕ್ಕೆ ತಯಾರಾದೆ.

ಮೇಡಂ ಬೆಂಚಿನಿಂದ ಎದ್ದರು. ಪಾಠ ಒಪ್ಪಿಸಲು ಕರೆದರೆಂದು ತಿಳಿದು, ಹಲಗೆಯ ಮುಂದೆ ಬಂದು, ಕೈಕಟ್ಟಿ ನಿಂತು, ಒಂದೊಂದೇ ಶಬ್ದ ಬಿಡಿಸಿ ಹೇಳಿದರು: "ಐ ಆಮ್ ಲೂಸಿಯಾ. ಐ ಆಮ್ ಎ ಸ್ಟೂಡೆಂಟ್. ದಿಸ್ ಈಸ್ ಮೈ ಟೀಚರ್."

ಬೆರಳು ನನ್ನ ಕಡೆಗಿತ್ತು. ಸಾಹೇಬರ ಕಣ್ಣೂ ಅತ್ತ ತಿರುಗಿತು.

ಇನ್ನು ತರ್ಜುಮೆಗೆ ಜಾಗವಿರಲಿಲ್ಲ. ಬಜಾರಿನ ಉಪ್ಪಿನಿಂದ ಹಿಡಿದು ಎಲ್ಲವನ್ನೂ ಹೇಳಿಬಿಟ್ಟೆ. "ತಪ್ಪು ನನ್ನದು ಸರ್. ಹೆಡ್ಮಾಸ್ತರರಿಗೆ ಏನೂ ಗೊತ್ತಿಲ್ಲ. ಹುಡುಗ್ಯಾರದಂತೂ ಏನೂ ತಪ್ಪಿಲ್ಲ" ಎಂದೆ.

ಸಾಹೇಬರ ಮುಖ ಕೆಂಪಾಯಿತು. ಸೀದಾ ಹುಡುಗಿಯರ ಕಡೆ ತಿರುಗಿ ಬಿರಬಿರನೆ ಇಂಗ್ಲಿಷಿನಲ್ಲಿ ಏನೋ ಕೇಳಿದರು. 'ಯೆಸ್ ಸರ್' ಎನ್ನುತ್ತಾರೆ, ಮುಗಿಯಿತು ಎಂದು ಕಣ್ಣು ಮುಚ್ಚಿಕೊಂಡೆ.

ಕಾಶಮ್ಮನ ದನಿ ಕೇಳಿತು. ಇಂಗ್ಲಿಷಿನಲ್ಲಿ! 'ಸರ್, ನನಗೆ ತಿಳಿಯಲಿಲ್ಲ. ದಯಮಾಡಿ ಇನ್ನೊಮ್ಮೆ ಸಾವಕಾಶ ಹೇಳಿರಿ' ಎಂಬುದನ್ನು ಆಕೆ ಇಂಗ್ಲಿಷಿನಲ್ಲಿ ಹೇಳಿದ್ದಳು.

ಸಾಹೇಬರು ಕನ್ನಡಕ ತೆಗೆದರು. ಒರೆಸಿ ಮತ್ತೆ ಹಾಕಿಕೊಂಡರು. ಪ್ರಶ್ನೆಯನ್ನು ನಿಧಾನವಾಗಿ ಮತ್ತೆ ಕೇಳಿದರು. ಅವಳ ಅಪ್ಪ ಏನು ಕೆಲಸ ಮಾಡುತ್ತಾನೆ ಎಂದು. ಅಪ್ಪ ಖಣಿಯಲ್ಲಿ ಕಲ್ಲು ಕಡಿಯುತ್ತಾನೆ, ತಾನು ಟೀಚರ್ ಆಗುತ್ತೇನೆ ಎಂದು ಕಾಶಮ್ಮ ಕೇಳದ ಪ್ರಶ್ನೆಗೂ ಸೇರಿಸಿ ಉತ್ತರ ಕೊಟ್ಟಳು. ಅದರಲ್ಲಿ ಎರಡು ವ್ಯಾಕರಣದ ತಪ್ಪಿದ್ದವಂತೆ. ನನಗೆ ಗೊತ್ತಾಗಲಿಲ್ಲ.

"ಇಷ್ಟ್ ವರ್ಷ ಸಾಲಿ ತಪಾಸಣಿ ಮಾಡೀನಿ" ಎಂದರು ಸಾಹೇಬರು. "ತಿಳೀಲಿಲ್ಲ ಅಂತ ಒಂದ್ ಮಗಾನೂ ನನಗ ಹೇಳಿದ್ದಿಲ್ಲ. ಹತ್ತನೇ ವರ್ಗ ಇಲ್ಲೇ ಇರಲಿ." ಬಾಗಿಲವರೆಗೆ ಹೋದವರು ನನ್ನ ಕಡೆ ತಿರುಗಿದರು. "ಮಾಸ್ತರ್, ಬಾಗಿಲ ಮ್ಯಾಲಿನ ಒಂದ್ ಎಲ್ ಅಳಸ್ರಿ."

ಅವರು ಹೋದ ಮೇಲೆ ನಾನು ಹೆಡ್ಮಾಸ್ತರರ ಮುಂದೆ ತಲೆ ತಗ್ಗಿಸಿ ನಿಂತೆ. ಅವರು ಅಡಕೆ ಕತ್ತರಿಸುತ್ತ ಹೇಳಿದರು, "ಆಕಿ ಎರಡ್ ಮಾತ್ ಆಡಿದ್ರ ನೀವು ಹತ್ತ್ ಆಡ್ತಿದ್ರಿ. ಆವತ್ತೇ ನನಗ ಶಕ್ ಬಂದಿತ್ತು ಮಾ‌ಸ್ತರ್."

"ಮತ್ಯಾಕ ಸುಮ್ಮಿದ್ರಿ?"

"ಸೋಮವಾರ ನೀವು ಖರೇ ಖರೇ ಪಾಠ ಮಾಡೂದು ಹೊರಗಿಂದ ಕೇಳಿದೆ. ಹನ್ನೊಂದು ವರ್ಷದಾಗ ಮೊದಲ್ನೇ ಸಲ! ಕೆಡಸೂದು ಯಾಕಂತ ಸುಮ್ನಾದೆ."

ಆ ವರ್ಷ ಒಂಬತ್ತು ಹುಡುಗಿಯರಲ್ಲಿ ಏಳು ಮಂದಿ ಇಂಗ್ಲಿಷಿನಲ್ಲಿ ಪಾಸಾದರು. ಉಳಿದಿಬ್ಬರು ಅಕ್ಟೋಬರಿನಲ್ಲಿ ಕಟ್ಟಿ ಪಾಸಾದರು. ಕಾಶಮ್ಮ ಟೀಚರ್ ಟ್ರೇನಿಂಗಿಗೆ ಗುಲಬರ್ಗಾಕ್ಕೆ ಹೋದಳು. ಬಸ್ಸಿಗೆ ಹತ್ತಿಸಲು ಅವಳಪ್ಪನ ಜೊತೆ ಹೆಡ್ಮಾಸ್ತರರೂ ಹೋಗಿದ್ದರು. ಯಂತ್ರದ ಕೆಲಸ ಮುಗಿದು ಲೂಸಿಯಾ ಮೇಡಂ ತಮ್ಮ ದೇಶಕ್ಕೆ ಹೊರಟ ದಿನ ನೀಲಮ್ಮ ಅವರಿಗೆ ಇಳಕಲ್ ಸೀರೆ ಉಡಿಸಿದಳು. ಇಬ್ಬರೂ ವಾಡಿ ಸ್ಟೇಷನ್ನಿನಲ್ಲಿ ಯಾವ ಭಾಷೆಯೂ ಇಲ್ಲದೆ ಬಹಳ ಹೊತ್ತು ಮಾತಾಡಿದರು.

ಎರಡು ವರ್ಷದ ನಂತರ ಬ್ರೆಜಿಲ್ಲಿನಿಂದ ಕಾಗದ ಬಂತು. ಶುದ್ಧ ಇಂಗ್ಲಿಷಿನಲ್ಲಿತ್ತು. ಲೂಸಿಯಾ ಮೇಡಂ ಈಗ ತಮ್ಮೂರಿನ ಶಾಲೆಯಲ್ಲಿ ಇಂಗ್ಲಿಷ್ ಟೀಚರು! 'ನಾನು ಕಲಿಸುವುದೆಲ್ಲ ನಿಮ್ಮಿಂದ ಕಲಿತದ್ದೇ. ನೀವು ಹೇಳಿಕೊಟ್ಟ ಹಾಗೆಯೇ ಉಚ್ಚಾರ ಮಾಡಿಸುತ್ತೇನೆ. ಮೊನ್ನೆ ಊರಿಗೆ ಬಂದಿದ್ದ ಇಂಗ್ಲೆಂಡಿನವರೊಬ್ಬರು ನಮ್ಮ ಮಕ್ಕಳನ್ನು ತಿದ್ದಲು ಬಂದರು. ನಮ್ಮ ಮಕ್ಕಳು ಒಪ್ಪಲಿಲ್ಲ. ಇದು ಇಂಡಿಯಾದ ಪ್ರೊಫೆಸರ್ ಹೇಳಿದ್ದು ಎಂದರು. ನೀವು ಒಮ್ಮೆ ನಮ್ಮ ಶಾಲೆಗೆ ಅತಿಥಿ ಅಧ್ಯಾಪಕರಾಗಿ ಬರಲೇಬೇಕು. ಊರಿಗೆ ಊರೇ ನಿಮ್ಮನ್ನು ಸ್ವಾಗತಿಸಲು ಕಾದಿದೆ' ಎಂದು ಬರೆದಿದ್ದರು.

ಕಾಗದ ಹಿಡಿದು ಊರೆಲ್ಲ ತಿರುಗಿದೆ. ರಜೆಗೆ ಬಂದಿದ್ದ ಕಾಶಮ್ಮನಿಗೂ ಓದಿ ಹೇಳಿದೆ. "ಏನಂಥಾ ಉಚ್ಚಾರ ರೀ ಸರ್, ಆ ಇಂಗ್ಲೆಂಡಿನವರು ತಿದ್ದಲಿಕ್ಕ ಬಂದಿದ್ದು?" ಎಂದು ಕೇಳಿದಳು.

"ಬುಧವಾರದ್ದು. ನೋಡು, ಇಲ್ಲೇ ಬರದಾರ. ವೆಡ್-ನೆಸ್-ಡೇ."

ಕಾಶಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದಳು. ನಕ್ಕಳೋ ಕೆಮ್ಮಿದಳೋ ತಿಳಿಯಲಿಲ್ಲ. "ಸರ್... ಅದರಾಗ ನಡುವಿನ ಡಿ ಅನ್ನಬಾರದಂತ್ರಿ. ವೆನ್ಸ್‌ಡೇ ಅನಬೇಕಂತ. ಟ್ರೇನಿಂಗ್‌ನಾಗ ಹೇಳಿಕೊಟ್ಟಾರ."

ಆವತ್ತಿನಿಂದ ವಾರದ ನಡುವೆ ನನಗೆ ಸ್ವಲ್ಪ ಕಸಿವಿಸಿಯಾಗುತ್ತದೆ. ಭೂಮಿಯ ಆ ಬದಿಯಲ್ಲಿ ನೂರಾರು ಮಕ್ಕಳು ಕೈಕಟ್ಟಿ ನಿಂತು ನನ್ನ ಡಿಯನ್ನು ಗಟ್ಟಿಯಾಗಿ ಹೇಳುತ್ತಿರುತ್ತಾರೆ. ಆದರೂ ಹೋಗಬೇಕೆಂಬ ಆಸೆ ಇದೆ. ನೀಲಮ್ಮನೂ ತಯಾರಾಗಿದ್ದಾಳೆ.

ಹೋಗುವುದಾದರೆ ಗುರುವಾರ ಹೋಗಿ ಇಳಿಯಬೇಕು, ಮಂಗಳವಾರ ಅಲ್ಲಿಂದ ಹೊರಟುಬಿಡಬೇಕು.